ಕ್ಯಾಸನೂರಿನ ಕಾಡಿನಲ್ಲಿ ಉಣುಗು ಹುಡುಕಿದವರು

ಪರದೇಶಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ವೈದ್ಯವಿಜ್ಞಾನದ ಮಹನೀಯರನ್ನು ಪರಿಚಯ ಮಾಡಿಕೊಡುವ ಲೇಖನವೊಂದು ಬೇಕೆಂದು ಕನ್ನಡ ಕೂಟದ ಸಂಪಾದಕರು ದಾವಣಗೆರೆಯ ವಿನೋಬನಗರದ ನನ್ನ ಮನೆಗೆ ಹೇಳಿಕಳುಹಿಸಿದಾಗ, ಪಾಶ್ಚರ್, ಕಾಕ್, ಫ್ಲೆಮಿಂಗ್ ಮೊದಲಾದವರ ಹೆಸರುಗಳು ಸಾಲಾಗಿ ನೆನಪಿಗೆ ಬಂದುವು. ಆದರೆ ಅವರ ಚರಿತ್ರೆಯನ್ನು ನಿಮ್ಮ ಶಾಲೆಯ ಪುಸ್ತಕಗಳು ನನಗಿಂತ ಚೆನ್ನಾಗಿ ಹೇಳುವುವಾದುದರಿಂದ, ಆ ಪುಸ್ತಕಗಳಲ್ಲಿ ಪ್ರಾಯಶಃ ಇಲ್ಲದಿರುವ, ನಮ್ಮ ನಾಡಿನ ಒಂದು ಸಣ್ಣ ಊರಿನ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಬರೆಯಿಸಿದ ಕೆಲವರ ವೃತ್ತಾಂತವನ್ನು ಹೇಳುವುದೇ ಉಚಿತವೆಂದು ತೋರಿತು. ಆ ಊರು ಕ್ಯಾಸನೂರು.

ದಾವಣಗೆರೆಯಿಂದ ಹೊರಟು, ಹರಿಹರದಲ್ಲಿ ತುಂಗಭದ್ರೆಯನ್ನು ಕಂಡು, ಹೊನ್ನಾಳಿ ಶಿಕಾರಿಪುರಗಳನ್ನು ಹಾದು ಪಶ್ಚಿಮಕ್ಕೆ ನಡೆದರೆ, ನಮ್ಮ ಕಡೆಯ ಎರೆಯ ಹೊಲ, ಹತ್ತಿ, ಮೆಕ್ಕೆಜೋಳಗಳು ಮೆಲ್ಲಮೆಲ್ಲನೆ ಹಿಂದೆ ಸರಿದು, ಅಡಕೆಯ ತೋಟಗಳೂ ಕಾಡೂ ಮುಂದೆ ಬಂದು, ಸೊರಬ ತಾಲ್ಲೂಕು ಸಿಕ್ಕುತ್ತದೆ. ಅಲ್ಲಿಯ ಮಳೆಯ ನೀರು ವರದಾ ನದಿಯನ್ನು ಸೇರಿ ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುವುದರಿಂದ, ಹರಿಹರದ ಸೇತುವೆಯ ಕೆಳಗೆ ಅದು ಹರಿಯುವುದಿಲ್ಲ. ಆದರೂ ಆ ಸೀಮೆ ನಮಗೆ ನೆರೆಮನೆಯೇ ಸರಿ. ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗದ ತಾಲ್ಲೂಕುಗಳೇ ಆಗಿದ್ದುವು.

1957ನೆಯ ಇಸವಿಯ ಬೇಸಗೆಯ ಮೊದಲಲ್ಲಿ, ಮಾರ್ಚಿ ತಿಂಗಳ ಸುಮಾರಿಗೆ, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಊರಬದಿಯ ಕೆಂಪುಮೋರೆಯ ಕೋತಿಗಳೂ ಕರಿಮೋರೆಯ ಮುಸುವಗಳೂ ಮರದಡಿಯಲ್ಲಿ ಸತ್ತು ಬಿದ್ದಿರುವುದನ್ನು ಸೌದೆಗೂ ಸೊಪ್ಪಿಗೂ ಕಾಡು ಹೊಕ್ಕವರು ಕಂಡರು. ಅದೇ ಹಳ್ಳಿಗಳಲ್ಲಿ ಜನಕ್ಕೂ ಜ್ವರ. ತಲೆ ಸಿಡಿಯುವಂಥ ನೋವು, ಮೈಕೈ ಮುರಿತ, ಕೆಲವರಿಗೆ ಮೂಗು ಬಾಯಿಗಳಿಂದ ರಕ್ತ. ವಿಷಮಶೀತಜ್ವರವಿರಬಹುದೆಂದು ಮೊದಲು ಎಣಿಸಿದ್ದುಂಟು. ಆದರೆ ಮಂಗನ ಸಾವನ್ನೂ ಮನುಷ್ಯನ ಜ್ವರವನ್ನೂ ಒಟ್ಟಿಗೆ ಇಟ್ಟು ನೋಡಿದ ಹಳ್ಳಿಗರು ಅದಕ್ಕೆ ತಮ್ಮದೇ ಹೆಸರನ್ನಿಟ್ಟರು: ಮಂಗನ ಕಾಯಿಲೆ. ಸೂಕ್ಷ್ಮದರ್ಶಕವನ್ನು ಎಂದೂ ಕಾಣದವರ ಈ ಊಹೆ ಸರಿಯಾದ ದಿಕ್ಕಿನಲ್ಲಿಯೇ ಇತ್ತೆಂಬುದನ್ನು ಮುಂದಿನ ಸಂಶೋಧನೆಯೆಲ್ಲ ತೋರಿಸಿತು.

ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ ವೈರಾಣು ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದ್ದುವು. ಇಂದು ಅದು ರಾಷ್ಟ್ರೀಯ ವೈರಾಣು ಸಂಸ್ಥೆ. ಅದರ ನಿರ್ದೇಶಕರಾಗಿದ್ದ ಡಾ. ಟೆಲ್ಫರ್ಡ್ ವರ್ಕ್ ಎಂಬವರಿಗೆ ಮಂಗಗಳು ಸಾಯುತ್ತಿವೆಯೆಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಹಾರಿದ್ದರೆ ಆಶ್ಚರ್ಯವಿಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹಾಗೆ ಸಾಯುವುದು ಪೀತಜ್ವರದಿಂದ. ಆ ಜ್ವರ ಭರತಖಂಡಕ್ಕೆ ಎಂದೂ ಬಂದಿರಲಿಲ್ಲ, ಆದರೆ ಅದನ್ನು ಹೊತ್ತು ತಿರುಗಬಲ್ಲ ಸೊಳ್ಳೆ ಮಾತ್ರ ನಮ್ಮ ಊರೂರಿನಲ್ಲಿಯೂ ಇತ್ತು, ಇಂದಿಗೂ ಇದೆ. ಬಂದಿದ್ದರೆ ಕೋಟ್ಯಂತರ ಜನ ಅದಕ್ಕೆ ಬಯಲಾಗುತ್ತಿದ್ದರು. ವರ್ಕ್ ಅವರೂ ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಪೀಡೊ ಅವರೂ ಸೊರಬದ ಕಾಡಿಗೆ ಬಂದು, ರೋಗಿಗಳ ರಕ್ತವನ್ನೂ ಮಂಗಗಳ ಅಂಗಾಂಶಗಳನ್ನೂ ಪುಣೆಯ ಪ್ರಯೋಗಶಾಲೆಗೆ ಸಾಗಿಸಿ, ಎಳೆಯ ಇಲಿಮರಿಗಳಿಗೆ ಚುಚ್ಚಿ ಪರೀಕ್ಷಿಸಿದಾಗ, ಸಿಕ್ಕಿದ್ದು ಪೀತಜ್ವರವಲ್ಲ. ಅದುವರೆಗೆ ಜಗತ್ತಿನಲ್ಲಿ ಯಾರೂ ವರ್ಣಿಸದಿದ್ದ ಹೊಸ ವೈರಾಣು ಅದು. ಅಂದಿನಿಂದ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣು. ಕಾಯಿಲೆಯ ಹೆಸರು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಕೆಎಫ್‌ಡಿ.

ಈ ಹೊಸಬನ ಕುಲಗೋತ್ರಗಳನ್ನು ವಿಚಾರಿಸಿದಾಗ ಮತ್ತೊಂದು ವಿಸ್ಮಯ ಎದುರಾಯಿತು. ಅದರ ದಾಯಾದಿಗಳಿದ್ದುದು ರಷ್ಯಾದ ಹಿಮದ ಕಾಡುಗಳಲ್ಲಿ. ಅಲ್ಲಿ 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ನೇತೃತ್ವದ ತಂಡವೊಂದು ಪೂರ್ವದ ಅಂಚಿನ ಅರಣ್ಯಕ್ಕೆ ಹೋಗಿ, ಮೆದುಳಿನ ಉರಿಯೂತಕ್ಕೆ ಕಾರಣವಾದ ವೈರಾಣುವನ್ನು ಪತ್ತೆಮಾಡಿ, ಅದನ್ನು ಹರಡುವುದು ಉಣುಗೆಂದು ತೋರಿಸಿತ್ತು. ಆ ತಂಡದ ಮಿಖಾಯಿಲ್ ಚುಮಕೋವ್ ಎಂಬ ತರುಣನಿಗೆ ಅದೇ ರೋಗ ತಗುಲಿ, ಒಂದು ತೋಳಿನ ಬಲವೂ ಕಿವಿಯೂ ಹೋದುವು. ಜಿಲ್ಬರ್ ಅವರಿಗೋ, ಕಾಡಿನಿಂದ ಹಿಂದಿರುಗಿದ ವರ್ಷವೇ ಅವರ ಸರ್ಕಾರ ಸೆರೆಮನೆಯ ದಾರಿ ತೋರಿಸಿತು. ಲೋಕೋಪಕಾರಕ್ಕೆ ಹೀಗೂ ಬಹುಮಾನ ದೊರೆಯುವುದುಂಟು.

ರಷ್ಯಾದ ವೈರಾಣುವಿನ ನಂಟ ಸೊರಬಕ್ಕೆ ಬಂದುದಾದರೂ ಹೇಗೆ? ಚಳಿಗಾಲದಲ್ಲಿ ಸೈಬೀರಿಯದಿಂದ ಹಾರಿ ಬರುವ ಹಕ್ಕಿಗಳು ತಮ್ಮ ಮೈಯ ಉಣುಗಿನೊಡನೆ ಅದನ್ನು ತಂದಿರಬಹುದೆಂದು ವಿದ್ವಾಂಸರು ತರ್ಕಿಸಿದರು. ತರ್ಕ ಸೊಗಸಾದುದೇ. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಮುಂಬಯಿಯ ನಿಸರ್ಗ ಚರಿತ್ರೆಯ ಸಂಘ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ, ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಅಂಕಿ ಬರೆದ ಉಂಗುರ ತೊಡಿಸಿ ಹಾರಿಬಿಟ್ಟಿತು. ಹಕ್ಕಿಗಳ ಮೇಲಿನ ಅಪವಾದ ರುಜುವಾತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂಬ ಜ್ಞಾನ ಭಾರತಕ್ಕೆ ವಿಪುಲವಾಗಿ ಲಭಿಸಿತು. ಬಹುಕಾಲದ ಮೇಲೆ, 1990ರ ದಶಕದಲ್ಲಿ, ಕ್ಯಾಸನೂರಿನ ವೈರಾಣುವಿಗೆ ಅತಿ ಸಮೀಪದ ಬಂಧು ಸೌದಿ ಅರೇಬಿಯದಲ್ಲಿ ಪತ್ತೆಯಾಯಿತು.

ಪೀತಜ್ವರದ ಶಂಕೆ ಅಮೆರಿಕದ ಅನುಭವದಿಂದ ಬಂದುದು, ಹಕ್ಕಿಗಳ ಶಂಕೆ ರಷ್ಯಾದ ಅನುಭವದಿಂದ. ನಾನು ಈ ಸಂಶೋಧಕರನ್ನು ಗೌರವಿಸುವುದು ಅವರ ಮೊದಲ ಊಹೆಗಳಿಗಾಗಿ ಅಲ್ಲ. ಬೇರೆ ದೇಶದ ಪಾಠವನ್ನು ಬದಿಗಿಟ್ಟು, ಈ ಕಾಡು ಏನು ಹೇಳುತ್ತದೆಂದು ನೆಲಕ್ಕೆ ಬಗ್ಗಿ ನೋಡಿದ ಅವರ ಸಹನೆಗಾಗಿ. ಬಗ್ಗಿ ಎಂಬುದನ್ನು ಅಕ್ಷರಶಃ ತಿಳಿಯಿರಿ. ಬಿಳಿಯ ಬಟ್ಟೆಯ ತುಂಡೊಂದನ್ನು ಕಾಡಿನ ನೆಲದ ಮೇಲೆ, ತರಗೆಲೆಗಳ ಮೇಲೆ, ದನ ನಡೆಯುವ ಜಾಡಿನ ಇಕ್ಕೆಲದ ಗಿಡಗಳ ಮೇಲೆ ಮೆಲ್ಲನೆ ಎಳೆಯುತ್ತ ಹೋಗಬೇಕು. ಹಾದುಹೋಗುವ ಪ್ರಾಣಿಗಾಗಿ ಕಾದು ಕುಳಿತ ಉಣುಗುಗಳು ಅದನ್ನೇ ಪ್ರಾಣಿಯೆಂದು ಭ್ರಮಿಸಿ ಹತ್ತಿಕೊಳ್ಳುವುವು. ಆಗ ನಿಂತು, ಬಟ್ಟೆಯನ್ನು ತಿರುವಿ, ಒಂದೊಂದನ್ನೇ ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕಿ, ಸ್ಥಳವನ್ನೂ ದಿನವನ್ನೂ ಬರೆದು, ಮತ್ತೆ ಎಳೆಯಬೇಕು. ಸಾಗರ ಪಟ್ಟಣದಲ್ಲಿ ಕ್ಷೇತ್ರಕೇಂದ್ರವೊಂದು ಏರ್ಪಟ್ಟಿತು. ಕೀಟಶಾಸ್ತ್ರಜ್ಞ ಟಿ. ರಾಮಚಂದ್ರ ರಾವ್, ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನ ಕೇಂದ್ರದ ನಿರ್ದೇಶಕರಾದ ಪಿ.ಕೆ. ರಾಜಗೋಪಾಲನ್ ಮೊದಲಾದವರೂ, ಹೆಸರು ಎಲ್ಲಿಯೂ ಅಚ್ಚಾಗದ ಅನೇಕ ಸಹಾಯಕರೂ ಇಂಥ ಕೆಲಸದಲ್ಲಿ ವರ್ಷಗಳನ್ನೇ ಸವೆಸಿದರು.

ಹೀಗೆ ಬೆಳಕಿಗೆ ಬಂದ ಉಣುಗಿನ ಜೀವನಚರಿತ್ರೆ ಬಹು ರೋಚಕವಾದುದು. ಕ್ಯಾಸನೂರಿನ ಕಾಯಿಲೆಯನ್ನೂ ಹರಡುವುದು ಉಣುಗೇ; ಅವುಗಳಲ್ಲಿ ಮುಖ್ಯ ಅಪರಾಧಿಯ ಶಾಸ್ತ್ರೀಯ ನಾಮ ಹೀಮಫೈಸಾಲಿಸ್ ಸ್ಪೈನಿಜೆರ. ಮಳೆಗಾಲದಲ್ಲಿ ಬಲಿತ ಉಣುಗು ದನದ ಅಥವಾ ಬೇರೊಂದು ದೊಡ್ಡ ಪ್ರಾಣಿಯ ರಕ್ತ ಹೀರಿ, ಕೆಳಗುದುರಿ, ನೆಲದಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಅವುಗಳಲ್ಲಿ ಯಾವುದಾದರೂ ರೋಗಿಯಾಗಿದ್ದರೆ ರಕ್ತದೊಡನೆ ವೈರಾಣುವೂ ಒಳಸೇರಿ, ಮುಂದಿನ ಅವಸ್ಥೆಗಳಿಗೂ ಜೊತೆಯಾಗಿ ಹೋಗುತ್ತದೆ. ಪೊರೆ ಕಳಚಿ ಎರಡನೆಯ ಅವಸ್ಥೆಗೆ ಬಂದ ಉಣುಗು ಎಳ್ಳಿನ ಕಾಳಿನಷ್ಟು. ಮನುಷ್ಯನನ್ನು ಕಚ್ಚುವುದು ಮುಖ್ಯವಾಗಿ ಇದೇ. ಇದು ಕಾಡಿನಲ್ಲಿ ತುಂಬಿರುವುದು ಒಣಗಾಲದಲ್ಲಿ. ಮಲೆನಾಡಿನವರು ಸೊಪ್ಪು, ಸೌದೆ, ತರಗೆಲೆಗಳಿಗಾಗಿ ಕಾಡಿಗೆ ಹೋಗುವುದೂ ಆಗಲೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆ ಹೆಚ್ಚಲು ಇದೇ ಕಾರಣ. ದನಗಳಲ್ಲಿ ವೈರಾಣು ಅಷ್ಟಾಗಿ ಬೆಳೆಯದು. ಆದರೆ ಉಣುಗಿನ ಸಂತತಿಯನ್ನು ಸಾಕುವುವು ಅವೇ. ಮಂಗ ಸತ್ತಾಗ, ಅದರ ಮೈಮೇಲಿದ್ದ ಉಣುಗುಗಳೆಲ್ಲ ಒಂದೇ ಕಡೆ ಉದುರುವುದರಿಂದ, ಆ ಮರದಡಿ ಅಪಾಯದ ಸ್ಥಳವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಈ ಜ್ವರ ಹರಡುವುದಿಲ್ಲ.

ಇಲ್ಲಿ ಕೊಲಂಬಿಯಾ ದೇಶದ ಹೊರ್ಹೆ ಬೊಷೆಲ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ತಮ್ಮ ದೇಶದಲ್ಲಿ ಮರಕಡಿಯುವವರ ಬಳಿ ನಿಂತಿದ್ದಾಗ, ಮರವೊಂದು ಉರುಳಿದೊಡನೆ, ಅದರ ತುದಿಯಲ್ಲಿ ಮಾತ್ರ ವಾಸಿಸುತ್ತಿದ್ದ ನೀಲಿಯ ಸೊಳ್ಳೆಗಳು ನೆಲದವರನ್ನು ಮುತ್ತಿದುದನ್ನು ಕಂಡು, ಕಾಡಿನ ಪೀತಜ್ವರ ಮನುಷ್ಯನಿಗೆ ತಗುಲುವ ಬಗೆಯನ್ನು ಅರಿತವರು ಅವರು. ಮರದ ತುದಿಯನ್ನು ನೋಡಿ ಕಲಿತ ಆ ಕಣ್ಣು, ಮಲೆನಾಡಿಗೆ ಬಂದಾಗ, ಕಾಡಿನಂಚಿನ ಬಯಲನ್ನು ನೋಡಿತು. ಜನ ಹೆಚ್ಚಿ, ಕಾಡು ಕಡಿದು ಹೊಲ ಮಾಡಿ, ಉಳಿದ ಕಾಡಿಗೆ ದನ ಅಟ್ಟಿದಂತೆಲ್ಲ ಉಣುಗಿಗೆ ಅನುಕೂಲವಾಯಿತು. ವೈರಾಣು ಎಲ್ಲಿಂದಲೋ ಹಾರಿ ಬಂದುದಕ್ಕಿಂತ, ಕಾಡಿನೊಳಗೆ ಸದ್ದಿಲ್ಲದೆ ಇದ್ದುದು ಮನುಷ್ಯನ ಕೈವಾಡದಿಂದ ಮೇಲೆದ್ದಿರಬೇಕೆಂದು 1969ರಲ್ಲಿ ಅವರು ಪ್ರತಿಪಾದಿಸಿದರು. ಇವರೆಲ್ಲರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಇವರೇ.

ಲಸಿಕೆಯ ಕಥೆ ಅಷ್ಟು ಸಂತೋಷದ್ದಲ್ಲ. ರಷ್ಯಾದ ರೋಗಕ್ಕೆ ಮಾಡಿದ ಲಸಿಕೆಯನ್ನು ಮೊದಲು ಪ್ರಯೋಗಿಸಿ ನೋಡಿದರು, ಫಲಿಸಲಿಲ್ಲ. ಬಳಿಕ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆ ದಶಕಗಳ ಕಾಲ ಬಳಕೆಯಲ್ಲಿತ್ತು. ಅದರ ರಕ್ಷಣೆ ಅರೆಬರೆ, ನೋವು ಮಾತ್ರ ಪೂರ್ತಿ. ಇತ್ತೀಚೆಗೆ ಅದನ್ನು ನಿಲ್ಲಿಸಿ ಹೊಸದಕ್ಕಾಗಿ ಪ್ರಯತ್ನ ನಡೆದಿದೆ. ಈ ವೈರಾಣುವನ್ನು ಅಭ್ಯಸಿಸುತ್ತಿದ್ದ ಪ್ರಯೋಗಶಾಲೆಯವರಲ್ಲಿಯೂ ಹಲವರು ಜ್ವರದಿಂದ ಮಲಗಿದ್ದುಂಟು. ಕಾಯಿಲೆಯಾದರೋ ಸೊರಬ, ಸಾಗರಗಳಿಗೆ ನಿಲ್ಲದೆ, 1980ರ ದಶಕದಲ್ಲಿ ಬೆಳ್ತಂಗಡಿಯ ಕಡೆಗೂ, ಈಚಿನ ವರ್ಷಗಳಲ್ಲಿ ಕೇರಳ, ಗೋವ, ಮಹಾರಾಷ್ಟ್ರಗಳ ಪಶ್ಚಿಮಘಟ್ಟಗಳಿಗೂ ಹಬ್ಬಿದೆ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ಬಹಳವಾಗಿ ನೊಂದಿತು.

ಮಕ್ಕಳೇ, ಅಮೆರಿಕದ ಕಾಡುಗಳಲ್ಲಿ ತಿರುಗಾಡಿ ಬಂದ ಸಂಜೆ ನಿಮ್ಮ ತಾಯಿ ನಿಮ್ಮ ಮೊಣಕಾಲಿನ ಹಿಂದೆ, ಕಿವಿಯ ಸಂದಿಯಲ್ಲಿ ಹುಡುಕುವುದು ಉಣುಗನ್ನೇ; ಅಲ್ಲಿಯ ಲೈಮ್ ರೋಗಕ್ಕೂ ಒಂದು ಊರಿನದೇ ಹೆಸರು. ಜರ್ಮನಿ, ಆಸ್ಟ್ರಿಯಗಳಲ್ಲಿರುವವರು ಉಣುಗಿನ ಮೆದುಳುಜ್ವರಕ್ಕೆ ಹಾಕಿಸಿಕೊಳ್ಳುವ ಚುಚ್ಚುಮದ್ದು ಕ್ಯಾಸನೂರಿನ ವೈರಾಣುವಿನ ದಾಯಾದಿಯ ವಿರುದ್ಧವಾದುದು. ನಿಮ್ಮ ದೊಡ್ಡ ರಜೆ ನಮ್ಮ ಮಳೆಗಾಲಕ್ಕೆ ಬರುವುದರಿಂದ, ಜೋಗದ ಗುಂಡಿಯನ್ನು ತುಂಬಿದ ನೀರಿನಲ್ಲಿ ನೋಡುವ ಭಾಗ್ಯವೂ ಉಂಟು, ಎಳ್ಳುಕಾಳಿನ ಶತ್ರುವಿನ ಕಾಟವೂ ಕಡಮೆ. ಕ್ರಿಸ್ಮಸ್ಸಿನ ರಜೆಯಲ್ಲಿ ಬಂದು ಅಜ್ಜಿಯ ಊರಿನ ಕಾಡಿಗೆ ಹೋಗುವುದಾದರೆ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಿ, ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿ, ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನಲ್ಲಿ ಸ್ನಾನಮಾಡಿ. ನಮ್ಮ ಕಡೆ ಸತ್ತ ಕೋತಿಗೆ ಆಂಜನೇಯನ ವಂಶವೆಂದು ಹೂವೇರಿಸಿ ಮಣ್ಣುಮಾಡುವ ರೂಢಿಯಿದೆ. ಮಲೆನಾಡಿನಲ್ಲಿ ಅಂಥದು ಕಣ್ಣಿಗೆ ಬಿದ್ದರೆ ಭಕ್ತಿಯಿಂದಲೂ ಮುಟ್ಟದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿಕಳುಹಿಸಿ. ಅವರು ಬಂದು ಸುತ್ತಲಿನ ನೆಲಕ್ಕೆ ಔಷಧಿ ಹಾಕಿ, ಮಾದರಿಯನ್ನು ಶಿವಮೊಗ್ಗದ ವೈರಾಣು ಪ್ರಯೋಗಶಾಲೆಗೆ ಕಳುಹಿಸುತ್ತಾರೆ.