ಎಲಿಜಬೆತ್ ಫ್ರೈ ಅಮ್ಮನವರು

ಸೆರೆಮನೆಯ ಸ್ತ್ರೀಯರಿಗೆ ತಾಯಿಯಾಗಿದ್ದ ಎಲಿಜಬೆತ್ ಫ್ರೈ ಅಮ್ಮನವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅವರು ಸಾಧಿಸಿದ ಕಾರ್ಯಗಳನ್ನು ಎಲ್ಲರೂ ಬಲ್ಲರು. ಅವರಿಗೆ ಅಪಜಯವುಂಟಾದ ಒಂದು ಸಂದರ್ಭವನ್ನೂ ನಾವು ಅರಿತಿರುವುದು ಒಳ್ಳೆಯದು.

ಇವರು 1780ನೆಯ ಇಸವಿ ಮೇ 21ರಂದು ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ, ಕ್ವೇಕರ್ ಸಭೆಗೆ ಸೇರಿದ ಗರ್ನಿ ಎಂಬ ಸಿರಿವಂತ ಮನೆತನದಲ್ಲಿ ಜನಿಸಿದರು. 12ನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. 1798ರಲ್ಲಿ ಅಮೆರಿಕದ ವಿಲಿಯಂ ಸೇವರಿ ಎಂಬ ಬೋಧಕರ ಪ್ರಸಂಗವನ್ನು ಕೇಳಿದ ಮೇಲೆ ಅವರ ಮನಸ್ಸು ದೇವರ ಸೇವೆಯ ಕಡೆಗೆ ತಿರುಗಿತು. 1800ರಲ್ಲಿ ಜೋಸೆಫ್ ಫ್ರೈ ಎಂಬವರನ್ನು ವಿವಾಹವಾಗಿ, 11 ಮಂದಿ ಮಕ್ಕಳ ತಾಯಿಯಾದರು.

1813ರಲ್ಲಿ ಅವರು ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಪ್ರವೇಶಿಸಿದಾಗ, ಸುಮಾರು 300 ಮಂದಿ ಸ್ತ್ರೀಯರೂ ಅವರ ಮಕ್ಕಳೂ ಇಕ್ಕಟ್ಟಿನಲ್ಲಿ ಬರಿಯ ನೆಲದ ಮೇಲೆ ಬಿದ್ದಿದ್ದರು. 1817ರಲ್ಲಿ ಫ್ರೈ ಅಮ್ಮನವರು ಒಂದು ಸಂಘವನ್ನು ಕಟ್ಟಿ, ಸ್ತ್ರೀಯರಿಗೆ ಹೊಲಿಗೆಯನ್ನೂ ಮಕ್ಕಳಿಗೆ ಶಾಲೆಯನ್ನೂ ಏರ್ಪಡಿಸಿದರು. ಸೆರೆಯಲ್ಲಿದ್ದ ಒಬ್ಬ ಯುವತಿಯೇ ಆ ಶಾಲೆಗೆ ಉಪಾಧ್ಯಾಯಿನಿಯಾದಳು.

ಆ ಕಾಲದ ಕಾನೂನು ಬಹು ಕಠಿಣವಾಗಿತ್ತು. 1797ರಿಂದ ಇಂಗ್ಲೆಂಡ್ ಬ್ಯಾಂಕು ಹೊರಡಿಸಿದ ಒಂದು, ಎರಡು ಪೌಂಡಿನ ನೋಟುಗಳನ್ನು ನಕಲು ಮಾಡುವುದು ಸುಲಭವಾಗಿತ್ತು. ಖೋಟಾ ನೋಟನ್ನು ಚಲಾಯಿಸಿದವರಿಗೆ ಮರಣದಂಡನೆ. ಕೇವಲ ಬಳಿಯಲ್ಲಿಟ್ಟುಕೊಂಡ ತಪ್ಪನ್ನೊಪ್ಪಿದವರಿಗೆ 14 ವರ್ಷಗಳ ಗಡೀಪಾರು. ಯಾರ ಮೇಲೆ ಯಾವ ಆಪಾದನೆಯನ್ನು ಹೊರಿಸಬೇಕೆಂಬುದು ಬ್ಯಾಂಕಿನ ವಕೀಲರ ಇಷ್ಟಕ್ಕೆ ಸೇರಿತ್ತು. ಹೀಗೆ ಸಮಾನ ತಪ್ಪಿತಸ್ಥರಲ್ಲಿ ಒಬ್ಬಳು ಬದುಕುವಳು, ಮತ್ತೊಬ್ಬಳು ಗಲ್ಲಿಗೇರುವಳು.

1818ರಲ್ಲಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಸೌಮ್ಯಸ್ವಭಾವದ ಸ್ತ್ರೀಗೆ ಈ ಗತಿಯು ಪ್ರಾಪ್ತವಾಯಿತು. ಫ್ರೈ ಅಮ್ಮನವರು ಆಕೆಯ ಪ್ರಾಣವನ್ನುಳಿಸಲು ಬ್ಯಾಂಕಿನ ಅಧಿಕಾರಿಗಳ ಬಳಿಗೂ ಗೃಹಮಂತ್ರಿ ಸಿಡ್ಮತ್ ಪ್ರಭುವಿನ ಬಳಿಗೂ ಹೋಗಿ ಮೊರೆಯಿಟ್ಟರು. ಮಂತ್ರಿಯು ಕರಗದೆ ಅವರನ್ನೇ ಗದರಿಸಿದನು. ಹ್ಯಾರಿಯೆಟ್ ಗಲ್ಲಿಗೇರಿಸಲ್ಪಟ್ಟಳು. ಅಂದಿನಿಂದ ಆ ಮಂತ್ರಿಯ ಸ್ನೇಹವು ಫ್ರೈ ಅಮ್ಮನವರಿಗೆ ಇಲ್ಲವಾಯಿತು. ಆದರೂ ಅವರು ಸೆರೆಮನೆಯ ಸೇವೆಯನ್ನು ಬಿಡಲಿಲ್ಲ.

ಅವರೂ ಇತರ ಸಜ್ಜನರೂ ಪಟ್ಟ ಪರಿಶ್ರಮವು ನಿಧಾನವಾಗಿ ಫಲಿಸಿತು. ಖೋಟಾ ಅಪರಾಧಕ್ಕೆ ವಿಧಿಸುತ್ತಿದ್ದ ಮರಣದಂಡನೆಯು 1832ರಲ್ಲಿ ಬಹುಮಟ್ಟಿಗೂ, 1837ರಲ್ಲಿ ಪೂರ್ಣವಾಗಿಯೂ ರದ್ದಾಯಿತು. 1845ನೆಯ ಅಕ್ಟೋಬರ್ 12ರಂದು ರಾಮ್ಸ್‌ಗೇಟಿನಲ್ಲಿ ಫ್ರೈ ಅಮ್ಮನವರು ಕರ್ತನಲ್ಲಿ ನಿದ್ರೆಹೋದರು. ಬಹುಕಾಲದ ತರುವಾಯ, 1965ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಕೊಲೆಯ ಅಪರಾಧಕ್ಕೂ ಮರಣದಂಡನೆಯನ್ನು ಐದು ವರ್ಷಗಳವರೆಗೆ ತಡೆಹಿಡಿಯಿತು. 1969ರಲ್ಲಿ ಆ ತಡೆಯನ್ನು ಶಾಶ್ವತಗೊಳಿಸಿತು. 2002ರಲ್ಲಿ ಅದೇ ಇಂಗ್ಲೆಂಡ್ ಬ್ಯಾಂಕು ತನ್ನ ಐದು ಪೌಂಡಿನ ನೋಟಿನ ಮೇಲೆ ಫ್ರೈ ಅಮ್ಮನವರ ಚಿತ್ರವನ್ನು ಅಚ್ಚುಮಾಡಿ ಗೌರವಿಸಿತು. 2017ರವರೆಗೆ ಆ ನೋಟು ಚಲಾವಣೆಯಲ್ಲಿತ್ತು. ಹ್ಯಾರಿಯೆಟ್ ಮಾತ್ರ ಹಿಂದಿರುಗಿ ಬರಲಾರಳು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರು, ಹಲವರು ತಾಯಂದಿರು. ಮನೆಯಲ್ಲಾಗಲಿ ತರಗತಿಯಲ್ಲಾಗಲಿ ದಂಡಿಸುವ ಅಧಿಕಾರವು ನಿಮ್ಮ ಕೈಯಲ್ಲಿರುವುದು. ಒಂದೇ ತಪ್ಪಿಗೆ ಒಬ್ಬರನ್ನು ಕ್ಷಮಿಸಿ ಮತ್ತೊಬ್ಬರನ್ನು ಶಿಕ್ಷಿಸುತ್ತಿರುವೆವೋ ಎಂದು ವಿಚಾರಿಸಿಕೊಳ್ಳುವವರೆಗೆ ಎತ್ತಿದ ಕೈಯನ್ನು ತಡೆಯಿರಿ. ತಿದ್ದಿಕೊಳ್ಳಲಾಗದ ದಂಡನೆಯ ವಿಷಯದಲ್ಲಂತೂ ರಾಜ್ಯಗಳಿಗೂ ಇದೇ ಬುದ್ಧಿವಾದವು ಸಲ್ಲುವುದು.