ದಾರವಿಲ್ಲದೆ ದೋಣಿ ನಡೆಸಿದ ನಿಕೋಲ ಟೆಸ್ಲಾ

ಮಕ್ಕಳೇ, ಸಾಗರದ ಮಾರಿಕಾಂಬಾ ಜಾತ್ರೆಯಲ್ಲೋ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೋ ಆಟಿಕೆ ಅಂಗಡಿಯ ಮುಂದೆ ನೀವು ನಿಂತಿರುತ್ತೀರಿ. ರಿಮೋಟ್ ಒತ್ತಿದರೆ ಓಡುವ ಕಾರು ನಿಮಗೆ ಹೊಸದಲ್ಲ. ಅದೇ ಬಗೆಯ ಆಟಿಕೆ ಜಲಾಂತರ್ಗಾಮಿಯೂ ಇದೆ. ತೊಟ್ಟಿಯ ನೀರಿಗೆ ಬಿಟ್ಟು ಗುಂಡಿ ಒತ್ತಿದರೆ ಅದು ಮುಳುಗುತ್ತದೆ, ತಿರುಗುತ್ತದೆ, ಮತ್ತೆ ಮೇಲೇಳುತ್ತದೆ. ಇಂತಹ ಆಟಿಕೆಗಳನ್ನು ಜೋಪಾನವಾಗಿ ಸಂಗ್ರಹಿಸುವ ಹವ್ಯಾಸಿಗಳೂ ಇದ್ದಾರೆ. ಈ ಎಲ್ಲ ಆಟಿಕೆಗಳ ಮುತ್ತಜ್ಜನಂತಿರುವ ದೋಣಿಯನ್ನು ಮಾಡಿದವರು ನಿಕೋಲ ಟೆಸ್ಲಾ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾ ದೇಶದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ತಾಯಿ ಶಾಲೆಗೆ ಹೋದವರಲ್ಲ. ಆದರೆ ಮನೆಗೆಲಸಕ್ಕೆ ಬೇಕಾದ ಸಲಕರಣೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಆ ಜಾಣ್ಮೆ ಮಗನಿಗೂ ಬಂತು. ಮಳೆಗಾಲದಲ್ಲಿ ನೀವು ಹಳ್ಳಕ್ಕೆ ನೀರಿನ ಚಕ್ರ ಇಟ್ಟು ಆಡುತ್ತೀರಲ್ಲ, ಬಾಲಕ ನಿಕೋಲನೂ ಹಾಗೆಯೇ ಆಡಿದ. ಅವನ ಚಕ್ರಕ್ಕೆ ರೆಕ್ಕೆಗಳೇ ಇರಲಿಲ್ಲ, ಆದರೂ ಅದು ತಿರುಗಿತು!

ಒಮ್ಮೆ ಅವನು ನಯಾಗರ ಜಲಪಾತದ ಚಿತ್ರ ನೋಡಿದ. ಮುಂದೊಂದು ದಿನ ಅಮೆರಿಕಕ್ಕೆ ಹೋಗಿ ಆ ನೀರಿನಿಂದ ಚಕ್ರ ತಿರುಗಿಸುತ್ತೇನೆ ಎಂದು ಚಿಕ್ಕಪ್ಪನಿಗೆ ಹೇಳಿದ. ತಂದೆಗೋ ಮಗ ಪಾದ್ರಿಯಾಗಬೇಕೆಂಬ ಆಸೆ. ಆದರೆ ಹುಡುಗನಿಗೆ ಕಾಲರಾ ತಗುಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ, ಗುಣವಾದರೆ ಎಂಜಿನಿಯರಿಂಗ್ ಓದಿಸುವುದಾಗಿ ತಂದೆ ಮಾತು ಕೊಟ್ಟರು.

1884ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಟೆಸ್ಲಾ ಅವರ ಜೇಬಿನಲ್ಲಿದ್ದದ್ದು 4 ಸೆಂಟ್ ಮಾತ್ರ. ಕೆಲವು ಕಾಲ ಎಡಿಸನ್ ಅವರ ಕಂಪನಿಯಲ್ಲಿ ದುಡಿದರು. ಬಳಿಕ ಕೆಲಸವಿಲ್ಲದೆ ಗುಂಡಿ ತೋಡುವ ಕೂಲಿಯನ್ನೂ ಮಾಡಿದರು. 1888ರಲ್ಲಿ ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಮೋಟಾರಿಗೆ ಪೇಟೆಂಟ್ ಪಡೆದರು. 1896ರಲ್ಲಿ ನಯಾಗರದ ವಿದ್ಯುತ್ ಬಫಲೋ ನಗರವನ್ನು ತಲುಪಿತು. ಬಾಲ್ಯದ ಮಾತು ನಿಜವಾಯಿತು! ನಮ್ಮ ಶರಾವತಿಯ ನೀರಿನಿಂದ ತಯಾರಾಗುವುದೂ ಪರ್ಯಾಯ ವಿದ್ಯುತ್ತೇ.

ಇದರ ನಡುವೆ, 1895ರಲ್ಲಿ, ಅವರ ಪ್ರಯೋಗಾಲಯ ಬೆಂಕಿಗೆ ಆಹುತಿಯಾಯಿತು. ವರ್ಷಗಳ ಶ್ರಮ ಒಂದೇ ರಾತ್ರಿಯಲ್ಲಿ ಬೂದಿ. ಟೆಸ್ಲಾ ಮತ್ತೆ ಮೊದಲಿನಿಂದ ಆರಂಭಿಸಿದರು.

1898ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಅವರು ನೀರಿನ ಕೊಳದಲ್ಲಿ ಕಬ್ಬಿಣದ ಪುಟ್ಟ ದೋಣಿ ಬಿಟ್ಟರು. ಅದರಲ್ಲಿ ಯಾರೂ ಇಲ್ಲ, ದಾರವೂ ಇಲ್ಲ, ತಂತಿಯೂ ಇಲ್ಲ. ಆದರೂ ಅದು ಎಡಕ್ಕೆ, ಬಲಕ್ಕೆ ತಿರುಗಿತು. ಅದರ ದೀಪಗಳು ಮಿನುಗಿದವು. 64ರ ಘನಮೂಲ ಎಷ್ಟು ಎಂದು ಕೇಳಿದ್ದಕ್ಕೆ ದೀಪ 4 ಸಲ ಮಿನುಗಿತು. ದೋಣಿಗೆ ಲೆಕ್ಕ ಬರುತ್ತಿತ್ತೇ? ಇಲ್ಲ. ಉತ್ತರ ಕೊಟ್ಟವರು ರಿಮೋಟ್ ಹಿಡಿದ ಟೆಸ್ಲಾ!

ಇದು ಮಾಟವಲ್ಲ, ವಿಜ್ಞಾನ. ದೋಣಿಯೊಳಗೆ ಲೋಹದ ಪುಡಿ ತುಂಬಿದ ಒಂದು ಪುಟ್ಟ ಡಬ್ಬಿ ಇತ್ತು. ಸಾಮಾನ್ಯವಾಗಿ ಆ ಪುಡಿಯ ಮೂಲಕ ವಿದ್ಯುತ್ ಹರಿಯದು. ರೇಡಿಯೋ ತರಂಗ ಬಂದೊಡನೆ ಕಣಗಳು ಪರಸ್ಪರ ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತವೆ. ಆಗ ಒಂದು ಸ್ವಿಚ್ ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಚುಕ್ಕಾಣಿ ತಿರುಗುತ್ತದೆ. ಕೂಡಲೇ ಡಬ್ಬಿ ತಲೆಕೆಳಗಾಗಿ ಪುಡಿ ಮತ್ತೆ ಬಿಡಿಬಿಡಿಯಾಗುತ್ತದೆ, ಮುಂದಿನ ಸಂಕೇತಕ್ಕೆ ಸಿದ್ಧವಾಗುತ್ತದೆ.

ಪೇಟೆಂಟ್ ಕಚೇರಿಯ ಪರೀಕ್ಷಕರಿಗೆ ಇದನ್ನು ನಂಬಲಾಗಲಿಲ್ಲ. ಅವರು ಬಂದು ಕಣ್ಣಾರೆ ಕಂಡ ಮೇಲೆಯೇ, 1898ರ ನವೆಂಬರ್ 8ರಂದು, ಪೇಟೆಂಟ್ ಸಿಕ್ಕಿತು. ಟೆಸ್ಲಾ ಇನ್ನೊಂದು ದೊಡ್ಡ ದೋಣಿಯನ್ನೂ ಮಾಡಿದರು. ನೀರು ನುಗ್ಗದಂತೆ ಮುಚ್ಚಿ, ತರಂಗ ಹಿಡಿಯುವ ತಂತಿಸುರುಳಿಯನ್ನು ಒಡಲೊಳಗೇ ಇಟ್ಟಿದ್ದರಿಂದ ಅದು ಮುಳುಗಲೂ ಬಲ್ಲದಾಗಿತ್ತು. ಆದರೆ ಸರ್ಕಾರ ಆಸಕ್ತಿ ತೋರಲಿಲ್ಲ. ಒಬ್ಬ ಅಧಿಕಾರಿಯಂತೂ ವಿಷಯ ಕೇಳಿ ನಕ್ಕುಬಿಟ್ಟರಂತೆ.

ನೀರು ರೇಡಿಯೋ ತರಂಗಗಳನ್ನು ಹೀರಿಕೊಳ್ಳುತ್ತದೆ. ಉಪ್ಪುನೀರು ಇನ್ನೂ ಹೆಚ್ಚು. ಆದ್ದರಿಂದ ಆಟಿಕೆ ಜಲಾಂತರ್ಗಾಮಿ ತೊಟ್ಟಿಯಲ್ಲಿ ಚೆನ್ನಾಗಿ ಆಡುತ್ತದೆ, ಆಳಕ್ಕೆ ಹೋದರೆ ರಿಮೋಟಿನ ಮಾತು ಕೇಳುವುದಿಲ್ಲ. ನೌಕಾಪಡೆಯ ಜಲಾಂತರ್ಗಾಮಿಗಳಿಗೆ ಅತಿ ಕಡಿಮೆ ಆವೃತ್ತಿಯ ತರಂಗಗಳಲ್ಲಿ ಸಂದೇಶ ಕಳಿಸುತ್ತಾರೆ. ತಮಿಳುನಾಡಿನ ತಿರುನಲ್ವೇಲಿ ಬಳಿ ನಮ್ಮ ನೌಕಾಪಡೆಯ ಅಂತಹ ಕೇಂದ್ರವಿದೆ.

ಕೊನೆಗಾಲದಲ್ಲಿ ಟೆಸ್ಲಾ ಸಾಲದಲ್ಲಿ, ಒಂಟಿಯಾಗಿ ಬದುಕಿದರು. 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 86 ವರ್ಷ. 1960ರಲ್ಲಿ ಕಾಂತಕ್ಷೇತ್ರದ ಅಳತೆಯ ಮಾನಕ್ಕೆ ‘ಟೆಸ್ಲಾ’ ಎಂಬ ಹೆಸರಿಟ್ಟರು.

ಮಾಡಿ ನೋಡಿ: ಪ್ಲಾಸ್ಟಿಕ್ ಬಾಟಲಿಯ ತುಂಬ ನೀರು ತುಂಬಿ. ಔಷಧದ ಡ್ರಾಪರಿಗೆ ಅರ್ಧದಷ್ಟು ನೀರು ಎಳೆದು, ತೇಲುವಂತೆ ಬಾಟಲಿಯೊಳಗೆ ಬಿಡಿ. ಮುಚ್ಚಳ ಬಿಗಿದು ಬಾಟಲಿಯನ್ನು ಅದುಮಿ. ಡ್ರಾಪರ್ ಮುಳುಗುತ್ತದೆ. ಕೈ ಸಡಿಲಿಸಿದರೆ ಮೇಲೇಳುತ್ತದೆ. ಅದುಮಿದಾಗ ಅದರೊಳಗಿನ ನೀರಿನ ಮಟ್ಟ ಏನಾಗುತ್ತದೆ? ಗಮನಿಸಿ, ಕಾರಣವನ್ನು ಗೆಳೆಯರೊಂದಿಗೆ ಚರ್ಚಿಸಿ. ಪ್ರಯೋಗ ಬಾಟಲಿಯಲ್ಲೇ ಇರಲಿ, ಇದಕ್ಕಾಗಿ ಹೊಳೆಗೋ ಹಿನ್ನೀರಿಗೋ ಇಳಿಯಬೇಡಿ.