ಕೆರೆ ನೀರು ಕುಡಿದು ಓಡುವ ಮೋಟರ್

ಕೂಲಿಂಗ್ ಸಿಸ್ಟಮ್ ಅಂದ ತಕ್ಷಣ ನಾವೆಲ್ಲ ಎಕ್ಸಾಮ್‌ನಲ್ಲಿ ರೇಡಿಯೇಟರ್, ಫ್ಯಾನ್ ಅಂತ ಚಿತ್ರ ಬರೆದುಬಿಡ್ತೀವಿ. ಆದರೆ ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರ್‌ಗೆ ಸಾಮಾನ್ಯವಾಗಿ ರೇಡಿಯೇಟರೇ ಇರಲ್ಲ. ದೋಣಿ ತೇಲುವ ನೀರನ್ನೇ ಅದು ಎಳೆದುಕೊಂಡು, ಸಿಲಿಂಡರ್ ಸುತ್ತ ಹರಿಸಿ, ವಾಪಸ್ ಬಿಡುತ್ತದೆ. ಈ ಮೋಟರನ್ನು ಮನೆಮಾತು ಮಾಡಿದವರು ಓಲೆ ಎವಿನ್ರೂಡ್.

ಹೆಸರು ಓಲೆ, ಆದರೆ ಶಾಲೆಯ ಓದು ಕಮ್ಮಿ! 1877ರಲ್ಲಿ ನಾರ್ವೆಯಲ್ಲಿ ಹುಟ್ಟಿದ ಇವರು ಚಿಕ್ಕವರಿದ್ದಾಗಲೇ ಮನೆಯವರ ಜೊತೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದರು. ಬೇಗ ಶಾಲೆ ಬಿಟ್ಟು ವರ್ಕ್‌ಶಾಪ್‌ಗಳಲ್ಲಿ ದುಡಿಯುತ್ತಲೇ ಎಂಜಿನಿಯರಿಂಗ್ ಕಲಿತರು. ಪಿಕ್ನಿಕ್‌ನಲ್ಲಿ ಬೆಸ್‌ಗೋಸ್ಕರ ಐಸ್‌ಕ್ರೀಮ್ ತರೋಕೆ ಕೆರೆ ದಾಟಿ ಹುಟ್ಟು ಹಾಕಿದರಂತೆ, ಬರುವಷ್ಟರಲ್ಲಿ ಅದು ಕರಗಿಹೋಗಿತ್ತಂತೆ. ಅಲ್ಲೇ ಐಡಿಯಾ ಹೊಳೆಯಿತು ಅಂತ ಕತೆ. ಔಟ್‌ಬೋರ್ಡ್ ಮಾಡಿದವರಲ್ಲಿ ಇವರೇ ಮೊದಲಿಗರಲ್ಲ. ಆದರೆ 1909ರಲ್ಲಿ ಇವರು ಮಾರಾಟಕ್ಕೆ ತಂದ ಒಂದೂವರೆ ಹಾರ್ಸ್‌ಪವರ್‌ನ, ಸುಮಾರು 28 ಕೆಜಿ ತೂಕದ ಮೋಟರ್ ಜನರ ಕೈಗೆ ಸಿಕ್ಕಿತು. ಲೆಕ್ಕಪತ್ರ, ಜಾಹೀರಾತು ಎಲ್ಲ ನೋಡಿಕೊಂಡವರು ಹೆಂಡತಿ ಬೆಸ್.

ಬೆಸ್ ಆರೋಗ್ಯ ಕೆಟ್ಟಾಗ ಓಲೆ ಚೆನ್ನಾಗಿ ನಡೆಯುತ್ತಿದ್ದ ಕಂಪನಿಯನ್ನೇ ಮಾರಿಬಿಟ್ಟರು. ಆಮೇಲೆ ಅಲ್ಯೂಮಿನಿಯಮ್ ಬಳಸಿ ಇನ್ನೂ ಹಗುರವಾದ ಮೋಟರ್ ಮಾಡಿ, 1921ರಲ್ಲಿ ಎಲ್ಟೋ ಅನ್ನೋ ಹೊಸ ಕಂಪನಿಯಿಂದ ತಂದರು. 1933ರಲ್ಲಿ ಬೆಸ್ ತೀರಿಕೊಂಡರು. ಮರುವರ್ಷ ಓಲೆ ಕೂಡ ಹೋದರು.

ಇವತ್ತು ನಮ್ಮ ಕರಾವಳಿಯ ನಾಡದೋಣಿಗಳಲ್ಲೂ ಔಟ್‌ಬೋರ್ಡ್ ಮೋಟರ್‌ಗಳಿವೆ. ತತ್ವ ಅದೇ, ತೊಂದರೆನೂ ಅದೇ. ನೀರು ಒಳಗೆ ಬರುವ ಜಾಲರಿಗೆ ಪಾಚಿ ಅಥವಾ ಒಂದು ಪ್ಲಾಸ್ಟಿಕ್ ಕವರ್ ಅಂಟಿದರೆ ಸಾಕು, ನಿಮಿಷಗಳಲ್ಲಿ ಎಂಜಿನ್ ಕಾದು ನಡುನೀರಲ್ಲಿ ನಿಂತುಬಿಡಬಹುದು. ಮರಳು ಹೋದರೆ ಪಂಪ್‌ನ ರಬ್ಬರ್ ಇಂಪೆಲ್ಲರ್ ಸವೆಯುತ್ತದೆ. ನೀರಿಲ್ಲದೆ ಓಡಿಸಿದರೆ ಅದು ಸುಟ್ಟೇ ಹೋಗುತ್ತದೆ. ಅದಕ್ಕೇ ಜಾಲರಿ ಕ್ಲೀನ್ ಮಾಡಬೇಕು, ಉಪ್ಪುನೀರಿಂದ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯಬೇಕು.

ಮುಂದಿನ ಸಲ ಬೀಚ್‌ಗೆ ಹೋದಾಗ ನಾವು ಸೆಲ್ಫಿ ಮುಗಿಸಿ ಮೋಟರ್ ಪಕ್ಕದ ಸಣ್ಣ ತೂತನ್ನೂ ನೋಡೋಣ. ಅದರಿಂದ ನೀರು ಚಿಮ್ಮುತ್ತಿದ್ದರೆ ಪಂಪ್ ಕೆಲಸ ಮಾಡುತ್ತಿದೆ ಅಂತ ಅರ್ಥ. ನಿಂತಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಬೇಕು. ದಡಕ್ಕೆ ಬಂದಮೇಲೆ ನೋಡಿದರಾಯ್ತು ಅಂದ್ರೆ, ದಡಕ್ಕೆ ಬರೋದೇ ಡೌಟು!